ಬಾಗಿಲು ಗಿಡ್ಡವಾದರೆ ಬಾಳಿದವರೂ ಗಿಡ್ಡರೇ?

(ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಪುರಾತನ ಸಮಾಧಿದಿಬ್ಬಗಳನ್ನೂ ಅವುಗಳ ಒಳಗೆ ವಾಸಿಸುತ್ತಾರೆಂದು ಅಲ್ಲಿಯ ಜನ ನಂಬಿಕೊಂಡು ಬಂದ ‘ಕಿನ್ನರಿ’ಯರನ್ನೂ ಕುರಿತು ಪ್ರಕಟವಾದ ಲೇಖನವನ್ನು ಓದಿ, ಗಂಗಾವತಿಯ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಕಿನ್ನರಿ ಎಂಬ ಅನುವಾದವೇ ತಪ್ಪು ಎಂಬುದು ಅವರ ಮೊದಲ ಮಾತು. ಇಂಥ ಕಥೆಗಳನ್ನು ಲೇಖನವು ಕಟ್ಟುಕಥೆಗಳೆಂದು ಬದಿಗೆ ಸರಿಸಿರುವುದು ಅನ್ಯಾಯ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಕಲ್ಮನೆಗಳನ್ನು (ಪುರಾತನ ಶಿಲಾಸಮಾಧಿಗಳನ್ನು) ಕಟ್ಟಿದರೆಂದು ಊರವರು ಹೇಳುವ ಮೋರ್ಯರೆಂಬ ಗಿಡ್ಡ ಜನರಂತೆ ಐರ್ಲೆಂಡಿನ ದಿಬ್ಬಗಳನ್ನು ಕಟ್ಟಿದವರೂ ಒಂದು ಗಿಡ್ಡ ಜನಾಂಗವಾಗಿದ್ದು, ಅವರ ನೆನಪೇ ಕಥೆಯಾಗಿ ಉಳಿದಿರಬೇಕು. ಐದು ಸಾವಿರ ವರ್ಷಗಳ ಹಿಂದಿನ ಸಂಗತಿಯನ್ನು ಜನಪದರು ನೆನಪಿಟ್ಟುಕೊಳ್ಳಬಲ್ಲರು ಎಂಬುದನ್ನು 2020ರ ಡಿಎನ್‌ಎ ಸಂಶೋಧನೆಯೇ ತೋರಿಸಿದೆ ಎಂಬುದು ಪತ್ರದ ಉಳಿದ ಸಾರ.)

ಮಾನ್ಯರೇ,

ನಿಮ್ಮ ಮೊದಲ ಆಕ್ಷೇಪವನ್ನು ಒಪ್ಪಿಕೊಂಡೇ ಆರಂಭಿಸುತ್ತೇನೆ. ‘ಕಿನ್ನರಿ’ ಎಂಬ ಪದ ಲೇಖಕರದಲ್ಲ. ಅವರು ‘ಶೀ ಜನ’ ಎಂದೇ ಬರೆದಿದ್ದರು. ಓದುಗರಿಗೆ ಅಪರಿಚಿತವಾದೀತೆಂದು ಅದನ್ನು ತಿದ್ದಿದವನು ನಾನು. ಕಿನ್ನರಿ ಎಂದೊಡನೆ ಇಂದಿನ ಓದುಗರ ಕಣ್ಣಮುಂದೆ ಬರುವುದು ಚಿಟ್ಟೆಯ ರೆಕ್ಕೆ ಹಚ್ಚಿಕೊಂಡ ಬೆರಳುದ್ದದ ಹುಡುಗಿ. ಆ ರೂಪವು ಇಂಗ್ಲೆಂಡಿನ ನಾಟಕದ ರಂಗಸಜ್ಜಿಕೆಯಿಂದಲೂ 18 ಮತ್ತು 19ನೆಯ ಶತಮಾನಗಳ ಚಿತ್ರಕಾರರ ಕುಂಚದಿಂದಲೂ ಬಂದದ್ದೇ ಹೊರತು ಐರ್ಲೆಂಡಿನ ಹಳೆಯ ಕಥೆಗಳಿಂದ ಬಂದದ್ದಲ್ಲ. ಆ ಕಥೆಗಳ ಶೀ ಜನರಿಗೆ ರೆಕ್ಕೆಯಿಲ್ಲ. ಅವರು ಕುದುರೆ ಏರುತ್ತಾರೆ, ದನ ಸಾಕುತ್ತಾರೆ, ತಮ್ಮತಮ್ಮಲ್ಲಿ ಯುದ್ಧ ಮಾಡುತ್ತಾರೆ, ಮನುಷ್ಯರನ್ನು ಮೋಹಿಸಿ ಮದುವೆಯಾಗುತ್ತಾರೆ. ಎತ್ತರದಲ್ಲಿ ನಮಗಿಂತ ಕಡಿಮೆಯಿಲ್ಲ, ಚೆಲುವಿನಲ್ಲಿ ನಮಗಿಂತ ಹೆಚ್ಚು. ‘ಶೀ’ ಎಂದರೆ ಅಲ್ಲಿಯ ಭಾಷೆಯಲ್ಲಿ ದಿಬ್ಬ. ಹಳೆಯ ಐರಿಷ್‌ನಲ್ಲಿ ಅದೇ ಶಬ್ದಕ್ಕೆ ಶಾಂತಿ ಎಂಬ ಅರ್ಥವೂ ಉಂಟು. ಹಾಗಾಗಿ ‘ದಿಬ್ಬದವರು’ ಎಂದಿದ್ದರೆ ಸಾಕಾಗಿತ್ತು. ನೀವು ಸೂಚಿಸಿರುವ ‘ಯಕ್ಷರು’ ಕೂಡ ಕಿನ್ನರಿಗಿಂತ ಎಷ್ಟೋ ಹತ್ತಿರ, ಏಕೆಂದರೆ ನಿಧಿ ಕಾಯುವ ಕೆಲಸ ಇಬ್ಬರಿಗೂ ಇದೆ.

ಆದರೆ ಈ ಆಕ್ಷೇಪ ಗೆದ್ದಾಗಲೇ ನಿಮ್ಮ ಮುಂದಿನ ವಾದ ಸೋಲುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಶೀ ಜನರು ಹಳೆಯ ಕಥೆಗಳಲ್ಲಿ ಗಿಡ್ಡರಲ್ಲವೆಂದ ಮೇಲೆ, ಗಿಡ್ಡ ಜನಾಂಗವೊಂದರ ನೆನಪು ಆ ಕಥೆಗಳಾಗಿ ಉಳಿಯಿತು ಎಂಬುದಕ್ಕೆ ಆಧಾರವೆಲ್ಲಿ? ನಿಮ್ಮ ಊಹೆ ಹೊಸದೂ ಅಲ್ಲ. ಸ್ಕಾಟ್ಲೆಂಡಿನ ಡೇವಿಡ್ ಮ್ಯಾಕ್‌ರಿಚಿ ಎಂಬ ವಿದ್ವಾಂಸರು 1890ರಲ್ಲಿ ಇದನ್ನೇ ಒಂದು ಪುಸ್ತಕವಾಗಿ ಬರೆದರು. ನೆಲದೊಳಗಿನ ಕಲ್ಲಿನ ಕೋಣೆಗಳ ಬಾಗಿಲು ಬಹಳ ತಗ್ಗು, ಒಳಗೆ ತೆವಳಿಕೊಂಡೇ ಹೋಗಬೇಕು, ಆದ್ದರಿಂದ ಅಲ್ಲಿ ಇದ್ದವರು ಕುಳ್ಳರು ಎಂಬುದು ಅವರ ತರ್ಕದ ತಿರುಳು. ಕೆಲವು ದಶಕ ಈ ವಾದಕ್ಕೆ ಬಹಳ ಮನ್ನಣೆ ಸಿಕ್ಕಿತು. ಆಮೇಲೆ ಅದು ಕುಸಿದದ್ದು ಸರಳ ಕಾರಣಕ್ಕೆ: ದಿಬ್ಬಗಳನ್ನು ಅಗೆದಾಗ ಸಿಕ್ಕ ಮೂಳೆಗಳು ನಮ್ಮ ನಿಮ್ಮಂಥವರ ಮೂಳೆಗಳು. ತಗ್ಗು ಬಾಗಿಲಿನ ಆ ದಿಬ್ಬಗಳು ಬದುಕಿರುವವರ ಓಡಾಟಕ್ಕೆ ಕಟ್ಟಿದ ಮನೆಗಳೇ ಆಗಿರಲಿಲ್ಲ.

ಹಿರೇಬೆಣಕಲ್ಲಿನಲ್ಲಿ ನಡೆದದ್ದೂ ಇದೇ ಎಂದು ನನಗೆ ಅನಿಸುತ್ತದೆ. ಸುಮಾರು ನಾನೂರು ಶಿಲಾಸಮಾಧಿಗಳಿರುವ ಆ ಮೋರ್ಯರ ಗುಡ್ಡವನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ನೀವು ದಿನವೂ ನೋಡುವ ದಿಕ್ಕಿನಲ್ಲೇ ಅದಿದೆ. ಹಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋಗಿದ್ದಾಗ, ಚಪ್ಪಡಿಯೊಂದರಲ್ಲಿ ಕೊರೆದಿದ್ದ ದುಂಡನೆಯ ಕಿಂಡಿಯೊಳಗೆ ತಲೆ ತೂರಿಸಿ ನೋಡಿ, ಭುಜ ಸಿಕ್ಕಿಕೊಂಡು, ಹಿಂದಕ್ಕೆ ಬರಲು ಒದ್ದಾಡಿದೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನಗುತ್ತ ನಿಂತಿದ್ದರು. ‘ಮೋರ್ಯಾರು ಮೂರು ಗೇಣಿನ ಮಂದಿರೀ, ಅವರಿಗೆ ಇದು ಬಾಗಲಾ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಕೇಳಿದರು: ‘ಮೂರು ಗೇಣಿನ ಮಂದಿ ಇಷ್ಟು ದೊಡ್ಡ ಕಲ್ಲು ಹ್ಯಾಂಗ ಎತ್ತಿ ನಿಲ್ಲಿಸ್ಯಾರ್ರೀ? ಅದನ್ನ ನೀವ ಹೇಳ್ರಿ.’ ಕಥೆಯನ್ನೂ ಅದರ ಮೇಲಿನ ಪ್ರಶ್ನೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಮನುಷ್ಯ, ನನ್ನ ಮಟ್ಟಿಗೆ, ಮ್ಯಾಕ್‌ರಿಚಿಯವರಿಗಿಂತ ದೊಡ್ಡ ವಿಮರ್ಶಕ. ಕಿಂಡಿ ಸಣ್ಣದು, ಅದನ್ನು ಬಾಗಿಲು ಎಂದುಕೊಂಡವರಿಗೆ ಅದರಲ್ಲಿ ಹಿಡಿಸುವಂಥ ಒಬ್ಬ ಮನುಷ್ಯ ಬೇಕಾಯಿತು, ಮೋರ್ಯ ಹುಟ್ಟಿದ. ಕನ್ನಡ ನಾಡಿನಲ್ಲೂ ಅಟ್ಲಾಂಟಿಕ್ ಕಡಲಂಚಿನಲ್ಲೂ ಒಂದೇ ಬಗೆಯ ಊಹೆ ಬೆಳೆಯುವುದಕ್ಕೆ ಎರಡು ಕಡೆಯೂ ಗಿಡ್ಡ ಜನಾಂಗ ಬಾಳಿರಬೇಕಾಗಿಲ್ಲ, ಗಿಡ್ಡ ಬಾಗಿಲು ಇದ್ದರೆ ಸಾಕು.

ಈ ಎರಡು ನಾಡುಗಳ ಕಲ್ಲುಗಳನ್ನು ಒಂದೇ ಪುಟದಲ್ಲಿಟ್ಟು ನೋಡಿದವರು ಒಬ್ಬರಿದ್ದರು, ಅವರು ನಿಮ್ಮ ಸೀಮೆಗೆ ಪರಿಚಿತರೇ. ಬಾಲಕ ದೊರೆಯ ಕಾಲದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್. ಹಿರೇಬೆಣಕಲ್ಲಿನ ಕಲ್ಮನೆಗಳ ಬಗ್ಗೆ ಮೊದಲು ಬರೆದವರೆಂದು ಅವರ ಹೆಸರನ್ನೇ ಹೇಳುತ್ತಾರೆ. ಜೇವರ್ಗಿಯ ಬಳಿ ಶಿಲಾಸಮಾಧಿಗಳನ್ನು ಅಗೆಸಿ, ಮಣ್ಣಿನ ಪದರ, ಮೂಳೆ, ಮಡಕೆಗಳು ಯಾವುದರ ಕೆಳಗೆ ಯಾವುದು ಇತ್ತೆಂದು ಚಿತ್ರ ಬರೆದಿಟ್ಟುಕೊಂಡರು. ಆ ಕಾಲಕ್ಕೆ ಅಂಥ ಎಚ್ಚರ ಅಪರೂಪ. ನಿವೃತ್ತರಾಗಿ ಡಬ್ಲಿನ್ನಿನಲ್ಲಿ ನೆಲೆಸಿದ ಮೇಲೆ, 1862ರಲ್ಲಿ, ಅಲ್ಲಿಯ ರಾಯಲ್ ಐರಿಷ್ ಅಕಾಡೆಮಿಯ ಮುಂದೆ ದಖ್ಖನ್ನಿನ ಈ ಸಮಾಧಿಗಳ ವಿವರವನ್ನು ಮಂಡಿಸಿದರು. ಎರಡೂ ಕಡೆಯ ಸಮಾಧಿಗಳ ಹೋಲಿಕೆಯನ್ನು ಕಂಡು, ಪ್ರಾಚೀನ ಯುರೋಪಿನ ಕೆಲ್ಟ್ ಅಥವಾ ಮಧ್ಯ ಏಷ್ಯಾ ಕಡೆಯ ಸಿಥಿಯನ್ ಜನರೇ ಇವನ್ನೆಲ್ಲ ಕಟ್ಟಿರಬೇಕೆಂದು ಅವರು ನಂಬಿದ್ದು ಮಾತ್ರ ದೊಡ್ಡ ತಪ್ಪು. ನಮ್ಮವು ಕಬ್ಬಿಣ ಯುಗದವು. ಐರ್ಲೆಂಡಿನ ದೊಡ್ಡ ದಿಬ್ಬಗಳು ಅವಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಿಂದಿನವು, ಕೆಲ್ಟ್ ಭಾಷೆಗಳು ಆ ದ್ವೀಪಕ್ಕೆ ಬರುವುದಕ್ಕೂ ಮುಂಚಿನವು. ಕಣ್ಣಿನ ಹೋಲಿಕೆಯನ್ನು ರಕ್ತದ ಹೋಲಿಕೆ ಎಂದುಕೊಳ್ಳುವ ಅಪಾಯ ಟೇಲರರಂಥ ಎಚ್ಚರದ ಮನುಷ್ಯನನ್ನೂ ಬಿಡಲಿಲ್ಲ.

ಈಗ ನಿಮ್ಮ ಗಟ್ಟಿಯಾದ ವಾದಕ್ಕೆ ಬರುತ್ತೇನೆ. ಅದನ್ನು ತೂಗಬೇಕಾದರೆ ನ್ಯೂಗ್ರೇಂಜ್ ದಿಬ್ಬವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡಬ್ಲಿನ್ನಿನ ಉತ್ತರಕ್ಕೆ ಬಾಯ್ನ್ ನದಿಯ ಬಾಗಿನಲ್ಲಿ ನ್ಯೂಗ್ರೇಂಜ್, ನೌತ್, ಡೌತ್ ಎಂಬ ಮೂರು ದೊಡ್ಡ ದಿಬ್ಬಗಳಿವೆ. ನ್ಯೂಗ್ರೇಂಜ್ ಸುಮಾರು ಕ್ರಿ.ಪೂ. 3200ರದು, ಎಂದರೆ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದು. ಸುಮಾರು 85 ಮೀಟರ್ ಅಡ್ಡಳತೆಯ ಈ ದಿಬ್ಬದ ಬುಡಕ್ಕೆ 97 ದೊಡ್ಡ ಕಲ್ಲುಗಳ ಸುತ್ತುಗಟ್ಟು. ಒಳಕ್ಕೆ 19 ಮೀಟರ್ ಉದ್ದದ ಇಕ್ಕಟ್ಟಾದ ಓಣಿ. ಓಣಿಯ ಕೊನೆಗೆ, ಕಲ್ಲಿನ ಮೇಲೆ ಕಲ್ಲನ್ನು ಒಳಚಾಚಿ ಪೇರಿಸಿ ಆರು ಮೀಟರ್ ಎತ್ತರಕ್ಕೆ ಮುಚ್ಚಿದ ಕೋಣೆ. ಸುಣ್ಣವಿಲ್ಲ, ಗಾರೆಯಿಲ್ಲ. ಸಾವಿರಾರು ವರ್ಷ ಕಲ್ಲು ಕುಸಿದು ಮುಚ್ಚಿಹೋಗಿದ್ದ ಇದರ ಬಾಯಿ 1699ರಲ್ಲಿ ಜಮೀನುದಾರನೊಬ್ಬ ರಸ್ತೆಗೆ ಕಲ್ಲು ತೆಗೆಸುವಾಗ ಮತ್ತೆ ಕಾಣಿಸಿತು.

1962ರಿಂದ ಇಲ್ಲಿ ಉತ್ಖನನ ನಡೆಸಿದ ಮೈಕೆಲ್ ಓ’ಕೆಲ್ಲಿಯವರಿಗೆ, ವರ್ಷದ ಯಾವುದೋ ಒಂದು ದಿನ ಮೂಡುವ ಸೂರ್ಯನ ಬೆಳಕು ಒಳಕೋಣೆಯ ಮೂರು ಸುರುಳಿಯ ಕಲ್ಲಿನ ಮೇಲೆ ಬೀಳುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತಿತ್ತು. ಸೂರ್ಯೋದಯದ ದಿಕ್ಕಿಗೆ ಹೊಂದಿಸಿ ನಿಲ್ಲಿಸಿದ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳ ಸುದ್ದಿಯನ್ನು ಜನ ಇಲ್ಲಿಗೆ ಹಚ್ಚುತ್ತಿದ್ದಾರೆಂದು ಅವರು ಮೊದಲು ಅದನ್ನು ನಂಬಲಿಲ್ಲ. ಆದರೆ ಬಾಗಿಲಿನ ಮೇಲ್ಗಡೆ ಕಲ್ಲಿನದೊಂದು ಚಿಕ್ಕ ಬೆಳಕಿಂಡಿ ಸಿಕ್ಕಿತ್ತು, ಅದೇಕೆ ಇದೆಯೆಂದು ತಿಳಿದಿರಲಿಲ್ಲ. 1967ರ ಡಿಸೆಂಬರ್ 21ರ ಮುಂಜಾನೆ, ವರ್ಷದ ಅತಿ ಗಿಡ್ಡ ಹಗಲಿನಂದು, ಅವರು ಒಬ್ಬರೇ ಒಳಗೆ ಹೋಗಿ ಕತ್ತಲಲ್ಲಿ ಕುಳಿತರು. ಸೂರ್ಯ ಮೂಡಿದ ಕೆಲವೇ ನಿಮಿಷಕ್ಕೆ ಸೀಸದ ಕಡ್ಡಿಯಷ್ಟು ತೆಳ್ಳನೆಯ ಒಂದು ಗೆರೆ ಬೆಳಕಿಂಡಿಯಿಂದ ನುಗ್ಗಿ, ಓಣಿಯುದ್ದಕ್ಕೂ ನೆಲದ ಮೇಲೆ ಹರಿದು ಬಂದು ಕೋಣೆಯನ್ನು ಮುಟ್ಟಿತು. ಅಗಲವಾಗುತ್ತ ಹೋಗಿ 17 ಸೆಂಟಿಮೀಟರಿನಷ್ಟಾಯಿತು. ಮತ್ತೆ ಸೊರಗಿ ಕಡಿದುಹೋಯಿತು. ಹದಿನೇಳು ನಿಮಿಷ. ಐದು ಸಾವಿರ ವರ್ಷಗಳ ಹಿಂದೆ ಕಲ್ಲು ಹೊತ್ತವರು ಲೆಕ್ಕ ಹಾಕಿ ಇಟ್ಟಿದ್ದ ಹದಿನೇಳು ನಿಮಿಷ ಅದು.

ಇಲ್ಲಿಗೇ ನಿಂತರೆ ಜನಪದರ ನೆನಪು ಗೆದ್ದಿತೆಂದೇ ಹೇಳಬೇಕು. ಆದರೆ ಓ’ಕೆಲ್ಲಿಯವರು ಒಳಗೆ ಕೂರುವುದಕ್ಕೆ ಅರ್ಧ ಶತಮಾನಕ್ಕೂ ಹಿಂದೆಯೇ, 20ನೆಯ ಶತಮಾನದ ಆರಂಭದಲ್ಲಿ, ನ್ಯೂಗ್ರೇಂಜ್ ಚಳಿಗಾಲದ ಸೂರ್ಯೋದಯದ ಕಡೆಗೆ ಮುಖ ಮಾಡಿದೆಯೆಂದು ಇಂಗ್ಲೆಂಡಿನ ಖಗೋಳ ವಿಜ್ಞಾನಿಯೊಬ್ಬರು ಅಚ್ಚು ಹಾಕಿಸಿ ಆಗಿತ್ತು. ಅಚ್ಚಾದ ಮಾತು ಊರಿಗೆ ಇಳಿದು ಎರಡು ತಲೆಮಾರು ಕಳೆದರೆ ‘ನಮ್ಮ ಅಜ್ಜಿ ಹೇಳುತ್ತಿದ್ದಳು’ ಎಂಬ ರೂಪ ತಾಳುವುದನ್ನು ನಮ್ಮ ಸ್ಥಳಪುರಾಣಗಳಲ್ಲೂ ನಾವು ಕಂಡಿದ್ದೇವೆ. ಜನರ ಮಾತು ಐದು ಸಾವಿರ ವರ್ಷ ಹಳೆಯದು ಎನ್ನುವವರು, ಅದು ಐವತ್ತು ವರ್ಷ ಹಳೆಯದಲ್ಲ ಎಂಬುದನ್ನು ಮೊದಲು ತೋರಿಸಬೇಕು.

ಡಿಎನ್‌ಎ ವಿಷಯ ಇನ್ನೂ ಕುತೂಹಲದ್ದು. ನ್ಯೂಗ್ರೇಂಜ್‌ನ ಒಳಕೋಣೆಯಲ್ಲಿ ಸಿಕ್ಕ ಗಂಡಸೊಬ್ಬನ ತಲೆಬುರುಡೆಯ ಮೂಳೆಯನ್ನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ತಂಡ ಪರೀಕ್ಷಿಸಿ, ಅವನ ತಂದೆತಾಯಿ ಒಡಹುಟ್ಟಿದವರು ಅಥವಾ ಹೆತ್ತವರು-ಮಕ್ಕಳು ಎನ್ನುವಷ್ಟು ಹತ್ತಿರದ ರಕ್ತಸಂಬಂಧಿಗಳೆಂದು 2020ರಲ್ಲಿ ಪ್ರಕಟಿಸಿತು, ಅವನು ಅರಸುಮನೆತನದವನಿರಬೇಕೆಂದೂ ತೀರ್ಮಾನಿಸಿತು. ನೀವು ಬರೆದಂತೆ, ಸುಮಾರು 11ನೆಯ ಶತಮಾನದಲ್ಲಿ ಬರಹಕ್ಕಿಳಿದ ಸ್ಥಳಪುರಾಣವೊಂದು ಪಕ್ಕದ ಡೌತ್ ದಿಬ್ಬದ ಬಗ್ಗೆ ಇಂಥದ್ದನ್ನೇ ಹೇಳುತ್ತದೆ. ಬ್ರೆಸಲ್ ಎಂಬ ರಾಜನ ಕಾಲಕ್ಕೆ ದನಗಳಿಗೆ ರೋಗ ಬಂದು, ಒಂದು ಹೋರಿ, ಏಳು ಹಸು ಉಳಿದವು. ಅವನು ಆಕಾಶ ಮುಟ್ಟುವ ಗೋಪುರ ಕಟ್ಟಿಸಲು ಒಂದು ದಿನದ ಮಟ್ಟಿಗೆ ಐರ್ಲೆಂಡಿನ ಗಂಡಸರನ್ನೆಲ್ಲ ಕರೆಸಿದ. ಕೆಲಸ ಮುಗಿಯುವ ತನಕ ಹಗಲು ಮುಗಿಯದಂತೆ ಅವನ ತಂಗಿ ಸೂರ್ಯನನ್ನು ತಡೆದು ನಿಲ್ಲಿಸಿದಳು. ಅಣ್ಣ ಅವಳನ್ನೇ ಕೂಡಿದ. ಮಂತ್ರ ಕೆಟ್ಟಿತು, ಕತ್ತಲೆ ಕವಿಯಿತು, ಜನ ಕೆಲಸ ಬಿಟ್ಟು ಹೋದರು. ಕತ್ತಲೆ ಎಂಬ ಅರ್ಥದ ಮಾತಿನಿಂದಲೇ ಡೌತ್ ಎಂಬ ಹೆಸರು ಬಂತೆಂದು ಕಥೆ ಮುಗಿಯುತ್ತದೆ. ಸೂರ್ಯ, ದಿಬ್ಬ, ಒಂದೇ ರಕ್ತದ ಕೂಟ ಮೂರೂ ಒಂದೇ ಕಥೆಯಲ್ಲಿ ಬಂದಿರುವುದನ್ನು ಮೊದಲು ಓದಿದಾಗ ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಆದರೂ ನಾನು ಹಿಂಜರಿಯುತ್ತೇನೆ. ಈ ಕಥೆ ಇರುವುದು ಊರುಗಳ ಹೆಸರಿಗೆ ಕಾರಣ ಹೇಳುವುದಕ್ಕೆಂದೇ ಕೂಡಿಸಿದ ಸಂಗ್ರಹದಲ್ಲಿ. ‘ಕತ್ತಲೆ’, ‘ಪಾಪದ ದಿಬ್ಬ’ ಎಂಬ ಹೆಸರುಗಳು ಮೊದಲೇ ಇದ್ದರೆ, ಅವಕ್ಕೆ ತಕ್ಕಂತೆ ಸೂರ್ಯನನ್ನೂ ತಂಗಿಯನ್ನೂ ಹೊಂದಿಸುವುದು ಬಲ್ಲ ಕಥೆಗಾರನಿಗೆ ಕಷ್ಟವಲ್ಲ. ಆಕಾಶ ಮುಟ್ಟುವ ಗೋಪುರವಂತೂ ಬೈಬಲ್ಲಿನ ನಿಮ್ರೋದನದು. ಬರೆದವರು ಮಠದಲ್ಲಿ ಓದಿದವರೆಂಬುದು ಅದರಿಂದಲೇ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ತೊಡಕು ನಡುವಿನ ಕಾಲದ್ದು. ದಿಬ್ಬ ಕಟ್ಟಿದವರ ಕಾಲದಿಂದ ಕಥೆ ಬರೆದವರ ಕಾಲಕ್ಕೆ ನಾಲ್ಕು ಸಾವಿರ ವರ್ಷ. ಅಷ್ಟರಲ್ಲಿ, ಹಳೆಯ ಮೂಳೆಗಳ ಡಿಎನ್‌ಎಯೇ ಹೇಳುವಂತೆ, ಕಂಚಿನ ಯುಗದ ಆರಂಭದಲ್ಲಿ ಹೊರಗಿನಿಂದ ಬಂದ ಜನರ ರಕ್ತ ಆ ದ್ವೀಪವನ್ನು ಬಹುಮಟ್ಟಿಗೆ ಆವರಿಸಿಕೊಂಡಿತ್ತು, ಮಾತೂ ಬದಲಾಗಿತ್ತು. ಒಂದು ರಾಜಮನೆತನದ ಗುಟ್ಟು ಒಂದು ಜನದಿಂದ ಇನ್ನೊಂದು ಜನಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ, ಅಳಿಯದೆ ದಾಟಿ ಬಂತೆಂದು ನಂಬಲು ಒಂದು ಮೂಳೆ ಸಾಲದು. ಅವನು ರಾಜನೇ ಎಂಬ ತೀರ್ಮಾನವನ್ನೂ 2025ರಲ್ಲಿ ಬೇರೆ ಪುರಾತತ್ತ್ವಜ್ಞರು ಪ್ರಶ್ನಿಸಿದ್ದಾರೆ: ಎಲ್ಲಿಂದಲೋ ತಂದು ಇತರರ ಮೂಳೆಗಳೊಂದಿಗೆ ಬೆರೆಸಿ ಇಟ್ಟಿರಬಹುದಾದ ತುಣುಕೊಂದರಿಂದ ಒಂದು ಅರಸುಕುಲವನ್ನೇ ಕಟ್ಟಲಾಗದು ಎಂಬುದು ಅವರ ವಾದ.

ವೇಲ್ಸ್ ದೇಶದ ಮೋಲ್ಡ್ ಎಂಬ ಊರಿನ ಪ್ರಸಂಗವನ್ನೂ ನೀವು ಸಾಕ್ಷಿಯಾಗಿ ಹೇಳಿದ್ದೀರಿ. ಅಲ್ಲಿ ಭೂತಗಳ ದಿಬ್ಬವೆಂದು ಹೆಸರಾಗಿದ್ದ ಜಾಗದಲ್ಲಿ 1833ರಲ್ಲಿ ಕೂಲಿಯಾಳುಗಳಿಗೆ ಕಂಚಿನ ಯುಗದ ಚಿನ್ನದ ಮೇಲುಹೊದಿಕೆಯೊಂದು ಸಿಕ್ಕಿತು. ಅದು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದಕ್ಕೂ ಮೊದಲೇ ಹೆಂಗಸೊಬ್ಬಳು ಚಿನ್ನದ ಅಂಗಿ ತೊಟ್ಟ ದೆವ್ವವು ಆ ದಿಬ್ಬದ ಕಡೆಗೆ ಹೋಗುವುದನ್ನು ಕಂಡಿದ್ದಳಂತೆ. ಆದರೆ ಆ ಕಥೆ ಕಾಗದಕ್ಕೆ ಇಳಿದದ್ದು ಚಿನ್ನ ಸಿಕ್ಕ ಮೇಲೆ. ಇಷ್ಟು ಹೇಳಿದರೆ ಸಾಕು.

ಹಾಗಾದರೆ ಈ ಕಥೆಗಳಿಗೆ ಏನೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲೇಖನದಲ್ಲಿ ‘ಕಟ್ಟುಕಥೆ’ ಎಂಬ ಮಾತನ್ನು ಉಳಿಸಿದ್ದಕ್ಕೆ ನಾನು ಈಗ ಪರಿತಪಿಸುವುದು ಇದೇ ಕಾರಣಕ್ಕೆ. ನ್ಯೂಗ್ರೇಂಜ್‌ನ ಒಡೆತನದ ಕಥೆಯನ್ನೇ ನೋಡಿ. ಆ ಮನೆಯ ಯಜಮಾನ ಎಲ್ಕ್‌ಮರ್. ಅವನ ಹೆಂಡತಿ ಬೋವನ್, ಬಾಯ್ನ್ ನದಿಯೇ ಅವಳು. ದಾಗ್ಡ ಎಂಬ ಹಿರಿಯ ದೇವರು ಎಲ್ಕ್‌ಮರನನ್ನು ಕೆಲಸದ ನೆಪದಲ್ಲಿ ಹೊರಗೆ ಕಳಿಸಿ, ಒಂಬತ್ತು ತಿಂಗಳು ಅವನಿಗೆ ಒಂದೇ ದಿನದಂತೆ ತೋರುವಂತೆ ಮಾಡಿದ; ಅಷ್ಟರಲ್ಲಿ ಬೋವನ್ನಳಿಗೆ ಏಂಗಸ್ ಹುಟ್ಟಿದ. ಬೆಳೆದ ಏಂಗಸ್ ಚಳಿಗಾಲದ ಹೊಸ್ತಿಲಿನ ಹಬ್ಬದ ದಿನ ಬಂದು, ಈ ಮನೆಯನ್ನು ನನಗೆ ‘ಹಗಲು ಇರುಳು’ ಬಿಟ್ಟುಕೊಡು ಎಂದು ಕೇಳಿದ. ಒಂದು ದಿನದ ಮಾತೆಂದು ಎಲ್ಕ್‌ಮರ್ ಒಪ್ಪಿದ. ಮರುದಿನ ಬಂದು ಕೇಳಿದರೆ, ಲೋಕ ನಡೆಯುವುದೇ ಹಗಲು ಇರುಳುಗಳಲ್ಲಿ, ನೀನು ಕೊಟ್ಟದ್ದು ಎಲ್ಲ ಕಾಲವನ್ನು ಎಂಬ ತೀರ್ಪು ಬಂತು. ‘ಒಂದು’ ಎಂದು ಸೇರಿಸಲೇಬೇಕಾದ ಇಂಗ್ಲಿಷಿನಲ್ಲಿ ಈ ಶ್ಲೇಷೆ ಒಡೆದುಹೋಗುತ್ತದೆ. ಆ ಕಟ್ಟಿಲ್ಲದ ಹಳೆಯ ಐರಿಷ್‌ನಲ್ಲಿದ್ದಂತೆ ಕನ್ನಡದಲ್ಲಿ ಹಾಗೇ ನಿಲ್ಲುತ್ತದೆ. ಮೂರು ಹೆಜ್ಜೆ ನೆಲ ಕೇಳಿದ ವಾಮನನನ್ನು ಬಲ್ಲ ನಮಗೆ ಕಥೆಯ ಜಾಡೂ ಅಪರಿಚಿತವಲ್ಲ.

ಈ ಕಥೆಯಲ್ಲಿ ದಿಬ್ಬ ಕಟ್ಟಿದವರ ನೆನಪಿಲ್ಲ. ಇದು ಹೇಳುವವರದೇ ಕಥೆ. ತಾವು ಉಳುವ ನೆಲದ ನಡುವೆ ತಮ್ಮದಲ್ಲದ ಒಂದು ಮನೆ ಇದೆ. ಅದು ಈಗಾಗಲೇ ಕೈ ಬದಲಾಯಿಸಿದೆ. ಒಳಗೆ ಕಾಲ ಬೇರೆ ಬಗೆಯಲ್ಲಿ ಸಾಗುತ್ತದೆ ಎಂದು ಅವರು ಬಲ್ಲರು. ಹೊಸಬರು ಬಂದಾಗ ನೆಲದ ಮೇಲ್ಭಾಗ ಮನುಷ್ಯರಿಗೂ ಕೆಳಭಾಗ ಹಳೆಯ ದೇವಕುಲಕ್ಕೂ ಪಾಲಾಯಿತೆಂಬ ಅವರ ಇನ್ನೊಂದು ಕಥೆಯೂ ಇದನ್ನೇ ಹೇಳುತ್ತದೆ. ದಿಬ್ಬ ಸತ್ತವರದೆಂಬ ಅರಿವೂ ಪೂರ್ತಿ ಅಳಿದಿರಲಿಲ್ಲ. ಸ್ಕಾಟ್ಲೆಂಡಿನ ಅಬರ್‌ಫಾಯ್ಲ್ ಊರಿನ ಪಾದ್ರಿ ರಾಬರ್ಟ್ ಕರ್ಕ್ 1691ರ ಸುಮಾರಿಗೆ ಬರೆದಿಟ್ಟ ಪ್ರಕಾರ, ಪೂರ್ವಜರ ಜೀವಗಳು ಅಲ್ಲಿ ನೆಲೆಸಿವೆಯೆಂದು ನಂಬಿ ಜನ ಆ ಗುಡ್ಡಗಳಿಂದ ಮಣ್ಣನ್ನಾಗಲಿ ಸೌದೆಯನ್ನಾಗಲಿ ತೆಗೆಯುತ್ತಿರಲಿಲ್ಲ. (ಮರುವರ್ಷ ಅದೇ ಊರಿನ ಗುಡ್ಡದ ಮೇಲೆ ಪಾದ್ರಿ ಬಿದ್ದು ತೀರಿಕೊಂಡರು, ಅವರನ್ನು ದಿಬ್ಬದವರೇ ಒಯ್ದರೆಂದು ಜನ ಹೇಳಿಕೊಂಡರು.)

ಈ ಭಯ ದಿಬ್ಬಗಳನ್ನು ಕಾಪಾಡಿತೆಂಬ ನಿಮ್ಮ ಮಾತನ್ನು ಬಹುಪಾಲು ಒಪ್ಪುತ್ತೇನೆ. ಐರ್ಲೆಂಡಿನಲ್ಲಿ ಇಂದಿಗೂ ಉಳಿದಿರುವ, ಸಾವಿರಾರು ಸಂಖ್ಯೆಯ ದುಂಡನೆಯ ಮಣ್ಣಿನ ಒಡ್ಡುಗಳು ವಾಸ್ತವವಾಗಿ ಮಧ್ಯಯುಗದ ರೈತರ ಮನೆಯಂಗಳಗಳು. ದಿಬ್ಬದವರ ಕೋಟೆಗಳೆಂದು ನಂಬಿದ್ದರಿಂದಲೇ ಎಷ್ಟೋ ಕಡೆ ನೇಗಿಲು ಅವನ್ನು ಸುತ್ತಿಕೊಂಡು ಹೋಯಿತು. ಆದರೆ ಹೆದರಿದವನು ರೈತ. ಧಣಿಗಳೂ ಪಂಡಿತರೂ ಹೆದರಲಿಲ್ಲ. ಡೌತ್ ದಿಬ್ಬದ ನೆತ್ತಿಯಲ್ಲಿ ಇಂದಿಗೂ ಕಾಣುವ ದೊಡ್ಡ ಕುಳಿ 1847ರಲ್ಲಿ ವಿದ್ವಾಂಸರು ಅಗೆಸಿ ಹಾಗೆಯೇ ಬಿಟ್ಟುಹೋದದ್ದು.

ನಿಮ್ಮ ಪತ್ರದ ಕೊನೆಯಲ್ಲಿ, ಮೋರ್ಯರ ಕಥೆಯನ್ನು ನಿಮ್ಮ ತಾಯಿಯವರು ಬೇರೆ ಬಗೆಯಲ್ಲಿ ಹೇಳುತ್ತಿದ್ದರೆಂದು ಒಂದೇ ಸಾಲು ಬರೆದು ನಿಲ್ಲಿಸಿಬಿಟ್ಟಿದ್ದೀರಿ. ನನಗೆ ಬೇಕಾದದ್ದು ಅದೇ. ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಸುಮಾರು ಐದು ಸಾವಿರ ಪ್ರಾಥಮಿಕ ಶಾಲೆಗಳ ಮಕ್ಕಳು, ಮೇಷ್ಟರ ಮಾತಿನಂತೆ, ಮನೆಯ ಹಿರಿಯರನ್ನು ಕೇಳಿ ಇಂಥ ಕಥೆಗಳನ್ನು ಬರೆದುಕೊಂಡರು. ಏಳು ಲಕ್ಷಕ್ಕೂ ಹೆಚ್ಚು ಪುಟಗಳು ಹೀಗೆ ಕೂಡಿದವು. ನೀವು ಮೂವತ್ತು ವರ್ಷ ಪಾಠ ಹೇಳಿದವರು, ನಿಮ್ಮ ಶಿಷ್ಯರು ಆ ಗುಡ್ಡದ ಸುತ್ತಲಿನ ಊರುಗಳಲ್ಲೇ ಇದ್ದಾರೆ. ಮೋರ್ಯರ ಕಥೆ ಯಾರು ಹೇಳಿದರು, ಅವರ ವಯಸ್ಸೆಷ್ಟು, ಅವರು ಯಾರಿಂದ ಕೇಳಿದರು, ಯಾವ ಕಲ್ಲನ್ನು ತೋರಿಸಿ ಹೇಳಿದರು ಎಂಬುದನ್ನು ಅವರವರ ಮಾತಿನಲ್ಲೇ ಬರೆಸಿ ಕಳಿಸಿಕೊಡಿ. ಭಾಷೆಯನ್ನು ತಿದ್ದಬೇಡಿ, ನಾನೂ ಈ ಬಾರಿ ತಿದ್ದುವುದಿಲ್ಲ. ತಾಯಿಯವರ ಕಥೆಯಿಂದಲೇ ಆರಂಭಿಸಬಹುದು.

— ಸಂಪಾದಕ